ಮೊಲ ತಿಂದವರ ಕೊರಳಿಗೆ ಲಿಂಗ ಬೇಡವೇ?



ಲಿಂಗಾಯತರೆಂದರೆ ಯಾರು ಎಂದು ನಮ್ಮ ಊರುಗಳಲ್ಲಿ ಹತ್ತು ಜನರನ್ನು ಕೇಳಿ ನೋಡಿ. ಇಷ್ಟಲಿಂಗ ಧರಿಸಿದವರು ಎನ್ನುವವರು ಒಬ್ಬಿಬ್ಬರು ಸಿಕ್ಕಾರು. ಕಾಯಕ, ದಾಸೋಹ ಎನ್ನುವವರು ಮತ್ತೊಬ್ಬರು. ಉಳಿದವರೆಲ್ಲರ ಬಾಯಲ್ಲಿ ಬರುವುದು ಒಂದೇ ಮಾತು: "ನಾವು ತಿನ್ನೂದಿಲ್ರಿ." ಏನನ್ನು ತಿನ್ನುವುದಿಲ್ಲ ಎಂದು ಅವರು ಹೇಳುವುದಿಲ್ಲ, ಕೇಳಿದವರೂ ಮರಳಿ ಕೇಳುವುದಿಲ್ಲ. ಬಸವಾದಿ ಶರಣರು ಕಲ್ಯಾಣದಲ್ಲಿ ತಲೆ ಕೊಟ್ಟು ಕಟ್ಟಿದ ಧರ್ಮವೊಂದು ಎಂಟುನೂರು ವರ್ಷಗಳ ನಂತರ ಹೀಗೆ ಒಂದು ನಿಷೇಧದ ಮಾತಿಗೆ ಬಂದು ನಿಂತಿದೆ.

ನಾನೂ ತಿನ್ನುವುದಿಲ್ಲ. ನನ್ನ ಮನೆಯಲ್ಲಿ ಯಾರೂ ತಿನ್ನುವುದಿಲ್ಲ, ಮುಂದೆಯೂ ತಿನ್ನುವ ವಿಚಾರವಿಲ್ಲ. ಇದನ್ನು ಮೊದಲಿಗೇ ಹೇಳಿಬಿಟ್ಟರೆ, 'ಈತ ಲಿಂಗಾಯತರಿಗೆ ಮಾಂಸ ತಿನ್ನಿಸಲು ಹೊರಟಿದ್ದಾನೆ' ಎಂದು ಸಂಪಾದಕರಿಗೆ ಪತ್ರ ಬರೆಯುವವರ ಅಂಚೆ ಖರ್ಚಾದರೂ ಉಳಿಯುತ್ತದೆ. ಸಕಲ ಜೀವಿಗಳ ಮೇಲೆ ದಯೆ ಇರಬೇಕೆಂಬ ಬಸವಣ್ಣನವರ ಬೋಧೆಯನ್ನು ನಾನು ಮನಸಾ ಒಪ್ಪಿದವನು. ನನ್ನ ತಕರಾರು ಆ ದಯೆಯ ಹೆಸರಿನಲ್ಲಿ ನಾವು ಮನುಷ್ಯರನ್ನು ಅಳೆಯುತ್ತಿರುವ ರೀತಿಯ ಬಗ್ಗೆ.

ಆ ಅಳತೆ ಹೇಗಿದೆ ನೋಡಿ. ಕುರಿ ತಿನ್ನುವವರು ನಮ್ಮ ಜೊತೆ ವ್ಯವಹಾರ ಮಾಡಬಹುದು, ಕಟ್ಟೆಯ ಮೇಲೆ ಸರಿಸಮನಾಗಿ ಕೂಡಬಹುದು, ಚುನಾವಣೆಗೆ ನಿಂತರೆ ನಾವೇ ಹಾರ ಹಾಕುತ್ತೇವೆ. ಕೋಳಿ ತಿನ್ನುವವರ ಮಾತಂತೂ ಬಿಡಿ, ಪೇಟೆಯಲ್ಲಿ ಓದುವ ನಮ್ಮ ಮಕ್ಕಳೇ ಎಷ್ಟು ಜನ ತಿನ್ನುತ್ತಾರೆಂದು ನಮಗೆಲ್ಲ ಗೊತ್ತು, ಗೊತ್ತಿಲ್ಲದಂತೆ ಇರುತ್ತೇವೆ. ಆದರೆ ಮೊಲ, ಇಣಚಿ, ಉಡ, ಪುರಲಿಹಕ್ಕಿ ಹಿಡಿದು ತಿನ್ನುವವರು? ಅವರ ಹೆಸರು ಬಂದೊಡನೆ ಮುಖ ಕಿವುಚುತ್ತದೆ. "ಇಣಚಿ ತಿನ್ನೋ ಮಂದಿ" ಎನ್ನುವುದು ನಮ್ಮ ಸೀಮೆಯಲ್ಲಿ ಬೈಗುಳ. ಇಣಚಿಯೆಂದರೆ ಅಳಿಲು. ಸೇತುವೆ ಕಟ್ಟುವಾಗ ರಾಮ ಬೆನ್ನು ಸವರಿದ ಕಥೆಯನ್ನು ಮಕ್ಕಳಿಗೆ ಹೇಳಿ, ಅದರ ಮೈಮೇಲಿನ ಗೆರೆ ತೋರಿಸುತ್ತೇವಲ್ಲ, ಅದೇ ಅಳಿಲು.

ದಯೆಯ ಲೆಕ್ಕದಿಂದಲೇ ನೋಡೋಣ. ಮೊಟ್ಟೆಯೊಡೆದು ಬಂದ ದಿನದಿಂದ ಕಾಲು ಚಾಚಲು ಜಾಗವಿಲ್ಲದ ಶೆಡ್ಡಿನಲ್ಲಿ ಬೆಳೆದು, ಲಾರಿಯಲ್ಲಿ ಅಂಗಡಿಗೆ ಬರುವ ಬ್ರಾಯ್ಲರ್ ಕೋಳಿಯ ಸಂಕಟ ದೊಡ್ಡದೋ? ಕಡಲೆ ಹೊಲದಲ್ಲಿ ಸ್ವೇಚ್ಛೆಯಾಗಿ ಬದುಕಿ ಒಂದು ರಾತ್ರಿ ಉರುಲಿಗೆ ಬಿದ್ದ ಮೊಲದ್ದೋ? ಅಹಿಂಸೆಯ ತಕ್ಕಡಿಯಲ್ಲಿ ಕುರಿಗಿಂತ ಇಣಚಿಯ ಜೀವ ಹೆಚ್ಚು ತೂಗುವುದಿಲ್ಲ, ಕಡಿಮೆಯೂ ತೂಗುವುದಿಲ್ಲ. ಹಾಗಿದ್ದ ಮೇಲೆ ಕುರಿ ತಿಂದವರ ಮೇಲಿಲ್ಲದ ಹೇಸಿಗೆ ಇಣಚಿ ತಿಂದವರ ಮೇಲೆ ಏಕೆ? ಕುರಿಯನ್ನು ರೊಕ್ಕ ಕೊಟ್ಟು ಕೊಳ್ಳಬೇಕು. ಇಣಚಿಯನ್ನು ರೊಕ್ಕವಿಲ್ಲದವರು ಹಿಡಿಯುತ್ತಾರೆ. ನಮ್ಮ ಹೇಸಿಗೆ ಪ್ರಾಣಿಯನ್ನು ನೋಡಿ ಹುಟ್ಟಿದ್ದಲ್ಲ, ಅದನ್ನು ಹಿಡಿದ ಕೈಯನ್ನು ನೋಡಿ ಹುಟ್ಟಿದ್ದು.

ಆ ಕೈ ಯಾರದು? ನಮ್ಮ ಗದಗ, ಹುಬ್ಬಳ್ಳಿ, ವಿಜಯಪುರದ ಕಡೆ ಹೆಚ್ಚಾಗಿ ಹರಣಶಿಕಾರಿಗಳದ್ದು. ಹೆಸರಿನಲ್ಲೇ ಬೇಟೆ ಇದೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಇಂಥ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟರು. ತಂತಿಬೇಲಿಯ ಸೆಟ್ಲಮೆಂಟುಗಳಲ್ಲಿ ಕೂಡಿಹಾಕಿ ಹಾಜರಿ ತೆಗೆದುಕೊಂಡರು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ 'ಸೆಟ್ಲಮೆಂಟ್' ಎಂಬುದು ಇವತ್ತಿಗೂ ಓಣಿಯ ಹೆಸರು. 1952ರಲ್ಲಿ ಸರ್ಕಾರ ಆ ಕಾಯ್ದೆಯನ್ನು ತೆಗೆದುಹಾಕಿತು. ನಾವು ತೆಗೆದುಹಾಕಿಲ್ಲ. ಹುಟ್ಟಿನಿಂದ ಮೇಲು-ಕೀಳು ಇಲ್ಲವೆಂದು ಸಾರಿದ ಧರ್ಮದವರಾದ ನಾವು, ಹುಟ್ಟಿನಿಂದ ಕಳ್ಳರೆಂದು ಪರದೇಶದವನು ಬರೆದಿಟ್ಟದ್ದನ್ನು ಇನ್ನೂ ಓದುತ್ತಿದ್ದೇವೆ.

ಇದೆಲ್ಲ ಹಳೆಯ ಮಾತು ಎನ್ನುವವರಿಗಾಗಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬಸವ ಜಯಂತಿಯ ಅಂಗವಾಗಿ ನಮ್ಮ ಭಾಗದ ಮಠವೊಂದರಲ್ಲಿ ಸಾಮೂಹಿಕ ಇಷ್ಟಲಿಂಗ ದೀಕ್ಷೆ ಏರ್ಪಟ್ಟಿತ್ತು. ಜಾತಿ-ಮತ ಭೇದವಿಲ್ಲದೆ ಎಲ್ಲರಿಗೂ ಸ್ವಾಗತ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರು. ಹರಣಶಿಕಾರಿಗಳ ಮೂರು ಕುಟುಂಬದವರು ಮಿಂದು, ಶುಭ್ರ ಬಟ್ಟೆ ಉಟ್ಟು ಬಂದಿದ್ದರು. ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕುಳಿತಿದ್ದ ಹಿರಿಯರು ಅವರ ಓಣಿಯ ಹೆಸರು ಕೇಳಿದವರೇ ಪೆನ್ನು ಕೆಳಗಿಟ್ಟರು. "ಮೊಲ, ಇಣಚಿ ತಿನ್ನೋದು ಬಿಟ್ಟೀರೇನು? ಬಿಟ್ಟು ಒಂದು ವರ್ಷ ಆದ ಮ್ಯಾಲೆ ಬರ್ರಿ, ನೋಡೋಣು" ಎಂದರು. ಅದೇ ಸಾಲಿನಲ್ಲಿ ನಮ್ಮವರ ಹುಡುಗರೂ ಇದ್ದರು. ಶನಿವಾರ ರಾತ್ರಿ ಹೆದ್ದಾರಿಯ ಧಾಬಾದ ಮುಂದೆ ಅವರ ಬೈಕುಗಳು ನಿಂತಿರುವುದನ್ನು ಊರೇ ಕಂಡಿದೆ. ಅವರನ್ನು ಯಾರೂ ಏನೂ ಕೇಳಲಿಲ್ಲ. ಅವರು ಹುಟ್ಟಿನಿಂದ 'ತಿನ್ನದವರು'!

ಬಂದವರಲ್ಲಿ ಒಬ್ಬ ಅಜ್ಜಿ ಇದ್ದಳು. ಅವಳು ಜಗಳ ಮಾಡಲಿಲ್ಲ. ಇಷ್ಟೇ ಹೇಳಿದಳು: "ಯಪ್ಪಾ, ಶೇಂಗಾ ಹೊಲದಾಗ ಮೊಲದ ಕಾಟ ಭಾಳ ಆಗೇತಿ, ಬಲಿ ತಗೊಂಡು ಬರ್ರಿ ಅಂತ ನಮ್ಮ ಗುಡಿಸಲಕ ಬಂದು ಕರದಾವ್ರು ನಿಮ್ಮವರ. ಹಿಡದದ್ದನ್ನ ಏನ ಮಾಡಬೇಕಿತ್ರಿ ನಾವು, ಒಗದು ಉಪಾಸ ಮಲಗಬೇಕಿತ್ತನು?"

ಆ ಹಿರಿಯರ ಬಳಿ ಉತ್ತರವಿರಲಿಲ್ಲ. ನಿಮ್ಮ ಬಳಿ ಇದ್ದರೆ ಬರೆದು ತಿಳಿಸಿ.

ನಮ್ಮ ಪುರಾತನರ ಕಥೆಯನ್ನೊಮ್ಮೆ ನೆನೆಯೋಣ. ಅರವತ್ತಮೂವರು ಪುರಾತನರಲ್ಲಿ ಕಣ್ಣಪ್ಪ ಒಬ್ಬ. ಶರಣರು ಆತನನ್ನು ತಲೆಬಾಗಿ ನೆನೆದಿದ್ದಾರೆ. ಆತ ಯಾರು? ಬೇಡ. ಕಾಳಹಸ್ತಿಯ ಶಿವನಿಗೆ ಆತ ಅರ್ಪಿಸಿದ್ದೇನು? ತಾನು ಬೇಟೆಯಾಡಿದ ಕಾಡುಹಂದಿಯ ಮಾಂಸ, ಅದೂ ರುಚಿ ನೋಡಿ ಒಳ್ಳೆಯ ತುಣುಕನ್ನೇ ಆರಿಸಿದ್ದು. ಬಾಯಲ್ಲಿ ತಂದ ನೀರಿನಿಂದ ಅಭಿಷೇಕ, ತಲೆಗೂದಲಲ್ಲಿ ಸಿಕ್ಕಿಸಿಕೊಂಡು ತಂದ ಹೂವಿನಿಂದ ಪೂಜೆ. ಮರುದಿನ ಬಂದ ಅರ್ಚಕ ಮಾಂಸ ಕಂಡು ಹೌಹಾರಿ ಗುಡಿ ತೊಳೆದ. ಶಿವ ಯಾರ ಪೂಜೆಯನ್ನು ಮೆಚ್ಚಿದನೆಂದು ಹೇಳಬೇಕಾಗಿಲ್ಲ. ದೇವರ ಕಣ್ಣಲ್ಲಿ ನೆತ್ತರು ಬಂದಾಗ ತನ್ನ ಕಣ್ಣು ಕಿತ್ತುಕೊಟ್ಟವನು ಬೇಡನೇ ಹೊರತು ಗುಡಿ ತೊಳೆದವನಲ್ಲ. 1954ರಲ್ಲಿ 'ಬೇಡರ ಕಣ್ಣಪ್ಪ' ಸಿನಿಮಾ ಬಂದಾಗ ರಾಜಕುಮಾರರ ಮೊದಲ ನಾಯಕ ಪಾತ್ರ ಅದೇ. ಚಕ್ಕಡಿ ಕಟ್ಟಿಕೊಂಡು ಹೋಗಿ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡ ತಾಯಂದಿರು ನಮ್ಮ ಮನೆಗಳಲ್ಲಿದ್ದರು. ಪರದೆಯ ಮೇಲಿನ ಬೇಡನಿಗೆ ಅಳುತ್ತೇವೆ. ಹೆಸರು ಬರೆಯುವ ಮೇಜಿಗೆ ಬಂದ ಬೇಡನಿಗೆ ಒಂದು ವರ್ಷ ಬಿಟ್ಟು ಬಾ ಎನ್ನುತ್ತೇವೆ. ನಾವು ಕೂತಿರುವುದು ಗುಡಿ ತೊಳೆದ ಅರ್ಚಕನ ಜಾಗದಲ್ಲಿ.

ಕಣ್ಣಪ್ಪನದು ಪುರಾಣ, ಕಲ್ಯಾಣದ ಮಾತು ಬೇರೆ ಎನ್ನುವವರಿದ್ದಾರೆ. ಆಗಲಿ, ಕಲ್ಯಾಣಕ್ಕೇ ಬನ್ನಿ. ಸತ್ತ ದನದ ತೊಗಲು ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯ, ಮೆಟ್ಟು ಹೊಲಿಯುತ್ತಿದ್ದ ಹರಳಯ್ಯ, ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ, ಹೆಂಡ ಮಾರುತ್ತಿದ್ದ ಮಾರಯ್ಯ, ಕಳ್ಳತನದಿಂದ ಬಂದ ಉರಿಲಿಂಗಪೆದ್ದಿ. ಇವರ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತೆಂದು ವಿಚಾರಿಸಿ, ವರ್ಷದ ಗಡುವು ಕೊಟ್ಟು, ತಪಾಸಣೆಗೆ ಜನ ಕಳಿಸಿ ಆಮೇಲೆ ಒಳಗೆ ಬಿಟ್ಟಿದ್ದರೆ ಅನುಭವ ಮಂಟಪದಲ್ಲಿ ಯಾರು ಉಳಿಯುತ್ತಿದ್ದರು? ಬಿಜ್ಜಳನ ಆಸ್ಥಾನದ ಪಂಡಿತರು ಉಳಿಯುತ್ತಿದ್ದರು. ಲಿಂಗ ಮೊದಲು ಬಂತು, ಬದುಕು ಅದರ ಹಿಂದೆ ಬದಲಾಯಿತು. ಆ ಕ್ರಮವನ್ನು ತಿರುವು ಮುರುವು ಮಾಡಿದವರು ನಾವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. ಹೊಲೆತನ ಯಾವುದು ಎಂದು ಹೇಳುವ ಬಸವಣ್ಣನವರ ವಚನದಲ್ಲಿ ಹಿಂಸೆಯ ಪ್ರಸ್ತಾಪವೂ ಆಹಾರದ ಪ್ರಸ್ತಾಪವೂ ಇವೆಯಲ್ಲ ಎಂದು ಬಲ್ಲವರು ಕೇಳುತ್ತಾರೆ. ಇವೆ. ಆದರೆ ಆ ವಚನದ ಗುರಿ ಯಾರು? ಹುಟ್ಟಿನ ಜಾತಿಯನ್ನು ಹಿಡಿದು ಒಬ್ಬರನ್ನು ಹೊಲೆಯರೆಂದು ದೂರವಿಟ್ಟವರು. ಜಾತಿ ಹುಟ್ಟಿನಲ್ಲಿಲ್ಲ, ನಡತೆಯಲ್ಲಿದೆ ಎಂದು ಮೇಲಿನವರ ಮುಖಕ್ಕೆ ಹೇಳಿದ ಮಾತದು. ಮೇಲಿನವರಿಗೆ ಹಿಡಿದ ಕನ್ನಡಿಯನ್ನು ಕೆಳಗಿನವರ ತಲೆಗೆ ಬಡಿಯುವ ಕಲ್ಲು ಮಾಡಿಕೊಂಡರೆ ವಚನಕಾರರು ಹೊಣೆಯಲ್ಲ. ಅಲ್ಲದೆ ಶಿವಾಚಾರ ಏನು ಹೇಳುತ್ತದೆ? ಲಿಂಗವಂತರಲ್ಲಿ ಪೂರ್ವಾಶ್ರಯದ ಜಾತಿಯನ್ನು ಕೇಳಬಾರದು, ಎಲ್ಲರನ್ನೂ ಸಮನಾಗಿ ಕಾಣಬೇಕು. ಪಂಚಾಚಾರಗಳಲ್ಲಿ ಇದೂ ಒಂದು. "ಏನು ತಿಂತೀರಿ?" ಎಂಬ ಪ್ರಶ್ನೆ ನಮ್ಮ ಊರುಗಳಲ್ಲಿ "ಯಾವ ಜಾತಿ?" ಎಂಬ ಪ್ರಶ್ನೆಯ ಸಭ್ಯ ರೂಪ. ಬಾಡಿಗೆ ಮನೆ ಕೇಳಿದವರೆಲ್ಲ ಇದನ್ನು ಬಲ್ಲರು. ದೀಕ್ಷೆಯ ಮೇಜಿನಲ್ಲೂ ಅದೇ ಪ್ರಶ್ನೆ ಕೇಳುವುದಾದರೆ ನಾವು ಪಂಚಾಚಾರದಲ್ಲಿ ಒಂದನ್ನು ಅಳಿಸಿ ಚತುರಾಚಾರವೆಂದು ಬರೆದುಕೊಳ್ಳುವುದು ಪ್ರಾಮಾಣಿಕವಾದೀತು.

ನಮ್ಮ ಕೈಗಳನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಮದುವೆಯಲ್ಲಿ, ಗುರುವಂದನೆಯಲ್ಲಿ ನಾವು ಹೊದಿಸುವ ರೇಷ್ಮೆ ಶಾಲಿನ ಹಿಂದೆ ಸಾವಿರಾರು ಹುಳುಗಳಿವೆ. ಗೂಡಿನೊಳಗಿರುವಂತೆಯೇ ಅವುಗಳನ್ನು ಬಿಸಿ ಹಬೆಗೆ, ಕುದಿನೀರಿಗೆ ಹಾಕದೆ ಎಳೆ ಬಿಡಿಸಲಾಗದು. ಹೊಲದ ಬದುವಿನಲ್ಲಿ ಇಲಿಗೆ ಪಾಷಾಣ ಇಟ್ಟಾಗ ಅದನ್ನು ತಿನ್ನುವುದು ಇಲಿಯೊಂದೇ ಅಲ್ಲ, ಇಣಚಿಯೂ ತಿನ್ನುತ್ತದೆ, ಹಕ್ಕಿಯೂ ತಿನ್ನುತ್ತದೆ. ಹತ್ತಿಗೆ ಎಣ್ಣೆ ಹೊಡೆದ ಸಂಜೆ ಬದುವಿನ ಮೇಲೆ ಏನೇನು ಸತ್ತು ಬಿದ್ದಿರುತ್ತದೆ ಎಂದು ರೈತರಾದ ನಮಗೆ ಹೊಸದಾಗಿ ಯಾರೂ ಹೇಳಬೇಕಿಲ್ಲ. ಹಂದಿಯ ಕಾಟಕ್ಕೆ ಬೇಲಿಗೆ ಕರೆಂಟು ಹಾಯಿಸುವವರಲ್ಲಿ ವಿಭೂತಿ ಧರಿಸಿದವರೂ ಇದ್ದಾರೆ. ಕೆಲವು ಮಠಗಳ ಹಳೆಯ ಫೋಟೋಗಳಲ್ಲಿ ಗುರುಗಳು ಕುಳಿತಿರುವುದು ಜಿಂಕೆಯ ಚರ್ಮದ ಮೇಲೆ, ಕೆಲವೊಮ್ಮೆ ಹುಲಿಯದರ ಮೇಲೆ. 2023ರಲ್ಲಿ ಹುಲಿಯುಗುರಿನ ಗದ್ದಲ ಎದ್ದಾಗ ನಾಡಿನಲ್ಲಿ ಎಷ್ಟು ಪೀಠಗಳ ಕೆಳಗಿನ ಹಾಸು ಅವಸರದಲ್ಲಿ ಬದಲಾಯಿತೋ ಶಿವನೇ ಬಲ್ಲ! ಚಿಗರಿಯ ಚರ್ಮದ ಮೇಲೆ ಕೂತವರು ಪೂಜ್ಯರು, ಚಿಗರಿಯನ್ನು ಹಿಡಿದ ಶಿಕಾರಿಯ ಮೊಮ್ಮಗ ಅಂಗಳದಾಚೆ. ತಿಂದರೆ ಮೈಲಿಗೆ, ಕೊಂದರೆ ಅಲ್ಲ ಎಂಬ ಲೆಕ್ಕ ಅಹಿಂಸೆಯದಲ್ಲ. ಅದು ಮಡಿಯ ಲೆಕ್ಕ. ಮಡಿಯನ್ನು ಬಿಟ್ಟು ಬಂದವರೇ ಶರಣರು.

ಹಾಗೆಂದು ಬೇಟೆಯನ್ನು ಸಂಸ್ಕೃತಿಯೆಂದು ಮೆರೆಸುವವರ ಜೊತೆಗೂ ನಾನಿಲ್ಲ. ಆಹಾರ ಅವರವರ ಹಕ್ಕು, ಮೊಲ ಹಿಡಿಯುವುದು ಜನಪದ ಪರಂಪರೆ ಎಂದು ವೇದಿಕೆಯ ಮೇಲೆ ಭಾಷಣ ಬಿಗಿಯುವವರು ಹೆಚ್ಚಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲದ ಬೇಟೆ ಅಪರಾಧ, ಜೈಲು ಇದೆ, ದಂಡ ಇದೆ. ಮೊಲಕ್ಕೂ ಅದರ ಪಾಡಿಗೆ ಬದುಕುವ ಹಕ್ಕಿದೆ. ಆದರೆ ಇಲ್ಲಿಯೂ ಹಸಿವಿನ ಬೇಟೆ ಬೇರೆ, ಮೋಜಿನ ಬೇಟೆ ಬೇರೆ ಎಂಬುದನ್ನು ಕಣ್ಣು ತೆರೆದು ನೋಡಬೇಕು. ಯುಗಾದಿ ಬಂತೆಂದರೆ ನಮ್ಮ ನಾಡಿನ ಹಲವು ಕಡೆ ನಾಯಿ ಕಟ್ಟಿಕೊಂಡು, ಬಡಿಗೆ ಹಿಡಿದು ಗುಂಪು ಗುಂಪಾಗಿ ಹೊರಡುತ್ತಾರೆ. 2025ರ ಯುಗಾದಿಯ ಹೊತ್ತಿಗೆ ರಾಯಚೂರು ಜಿಲ್ಲೆಯ ತುರ್ವಿಹಾಳದಲ್ಲಿ ಸತ್ತ ಮೊಲಗಳನ್ನು ಹಿಡಿದು ಮೆರವಣಿಗೆಯಲ್ಲಿ ಕುಣಿದ ವಿಡಿಯೊ ನಾಡೆಲ್ಲ ಹರಿದಾಡಿ, ಪ್ರಕರಣವೂ ದಾಖಲಾಯಿತು. ಅದರಲ್ಲಿ ಕೇಳಿಬಂದದ್ದು ಗುಡಿಸಲಿನವರ ಹೆಸರುಗಳಲ್ಲ, ಅಧಿಕಾರದ ಸಮೀಪವಿದ್ದವರವು. ಹೊಟ್ಟೆ ತುಂಬಿದವರ ಆ ಕುಣಿತದ ಬಗ್ಗೆ ನಮ್ಮ ಎಷ್ಟು ವೇದಿಕೆಗಳಲ್ಲಿ ಖಂಡನೆ ಕೇಳಿದಿರಿ? ಉರುಲು ಹಾಕಿದ ಬಡವನಿಗೆ ನಮ್ಮ ಅಹಿಂಸೆ ಬಹಳ ಗಟ್ಟಿ ದನಿಯಲ್ಲಿ ಮಾತಾಡುತ್ತದೆ, ಜೀಪಿನಲ್ಲಿ ಬಂದವನನ್ನು ಕಂಡರೆ ಮೌನವ್ರತ ಹಿಡಿಯುತ್ತದೆ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಮುಂದಾದಾಗಲೂ ಇದೇ ಆಯಿತು. ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗೆಂದು ಮಾಡಿದ ಯೋಜನೆ, ಬೇಡವೆಂದವರಿಗೆ ಬಾಳೆಹಣ್ಣು ಇತ್ತು. ಆದರೂ ನಮ್ಮ ಕೆಲವು ಮಠಾಧೀಶರು ಬೀದಿಗಿಳಿದರು. ಬರಗಾಲದಲ್ಲಿ ಇಳಿಯದವರು, ಗುಳೆ ಹೋದವರ ಹಟ್ಟಿಗಳಿಗೆ ಹೋಗದವರು ಮೊಟ್ಟೆಗೆ ಇಳಿದರು. ಹಾಗಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಕೊಟ್ಟ ಉತ್ತರ ಅಂದು ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅವಳ ಮಾತು ಒರಟೆಂದು ಬೇಸರಪಟ್ಟವರು ಬಹಳ. ಆ ಮಗುವಿಗೆ ಮಠವೆಂದರೆ ತನ್ನ ತಟ್ಟೆಯಿಂದ ಕಿತ್ತುಕೊಳ್ಳುವ ಜಾಗವಾಗಿ ಏಕೆ ಕಂಡಿತು ಎಂದು ಬೇಸರಪಟ್ಟವರು ಕಡಿಮೆ.

ಬೇರೆ ದಾರಿ ನಮ್ಮಲ್ಲಿಯೇ ಇದೆ. ಚಿತ್ತರಗಿ-ಇಳಕಲ್ಲ ಮಠದ ಲಿಂಗೈಕ್ಯ ಡಾ. ಮಹಾಂತಪ್ಪಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ಅಲೆದರು. ಹೊನ್ನು ಬೇಡಲಿಲ್ಲ, ನಿಮ್ಮ ದುಶ್ಚಟವನ್ನು ನನ್ನ ಜೋಳಿಗೆಗೆ ಹಾಕಿ ಎಂದರು. ಕೇರಿ, ಓಣಿ, ಜೈಲು ಎನ್ನದೆ ನಡೆದು ಹೋದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ಇಂದು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಕುಡಿತ ಬಿಟ್ಟು ಒಂದು ವರ್ಷವಾದ ಮೇಲೆ ಮಠಕ್ಕೆ ಬನ್ನಿ ಎಂದು ಅವರು ಬಾಗಿಲಲ್ಲಿ ಫಲಕ ಹಾಕಲಿಲ್ಲ. ಕುಡಿಯುವವರ ಬಾಗಿಲಿಗೆ ತಾವೇ ಹೋದರು. ಸಿದ್ಧಗಂಗೆಯನ್ನು ನೋಡಿ. ಲಿಂಗೈಕ್ಯ ಶಿವಕುಮಾರ ಸ್ವಾಮಿಗಳ ಕಾಲದಿಂದ ಅಲ್ಲಿ ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡು ಓದುತ್ತಿದ್ದಾರೆ. ಮಠದ ಊಟ ಸಸ್ಯಾಹಾರವೇ, ಅದರಲ್ಲಿ ರಾಜಿಯಿಲ್ಲ. ಆದರೆ ಆ ಪಂಕ್ತಿಯಲ್ಲಿ ಕೂರಲು ರಜೆಗೆ ಹೋದಾಗ ಮನೆಯಲ್ಲಿ ಏನು ತಿಂದೆ ಎಂಬ ಪ್ರಶ್ನೆಗೆ ಉತ್ತರಿಸಬೇಕಿಲ್ಲ. ಅಲ್ಲಿ ಬೆಳೆದ ಎಷ್ಟೋ ಮಕ್ಕಳು ಮುಂದೆ ತಾವಾಗಿಯೇ ಮಾಂಸ ಬಿಟ್ಟಿದ್ದಾರೆ, ಎಷ್ಟೋ ಮಕ್ಕಳು ಬಿಟ್ಟಿಲ್ಲ. ಸ್ವಾಮಿಗಳ ಫೋಟೋ ಮಾತ್ರ ಇಬ್ಬರ ಮನೆಯಲ್ಲೂ ಇದೆ.

ಆದುದರಿಂದ ನಮ್ಮ ಭಾಗದ ಪೂಜ್ಯರಲ್ಲಿ, ಮಠಗಳ ಕಾರ್ಯಕರ್ತರಲ್ಲಿ ನನ್ನದೊಂದು ನೇರವಾದ ಬೇಡಿಕೆ. ಮುಂದಿನ ದೀಕ್ಷಾ ಕಾರ್ಯಕ್ರಮದಲ್ಲಿ ಹೆಸರು, ವಯಸ್ಸು, ಊರು ಬರೆದುಕೊಳ್ಳಿ. ಆಹಾರದ ಪ್ರಶ್ನೆ ಬೇಡ. ಕೇಳಲೇಬೇಕೆಂದಿದ್ದರೆ ಪಂಚಮಸಾಲಿ, ಬಣಜಿಗ, ಜಂಗಮ ಎನ್ನದೆ ಸಾಲಿನಲ್ಲಿ ನಿಂತ ಪ್ರತಿಯೊಬ್ಬರನ್ನೂ ಕೇಳಿ, ಉತ್ತರಗಳನ್ನು ಧ್ವನಿವರ್ಧಕದಲ್ಲಿ ಓದಿ. ದೀಕ್ಷೆಯಾದವರ ಓಣಿಗೆ ತಿಂಗಳಿಗೊಮ್ಮೆ ಹೋಗಿ ಇಷ್ಟಲಿಂಗ ಪೂಜೆ ಕಲಿಸಿ, ಅಲ್ಲಿಯೇ ಕುಳಿತು ಅವರು ಕೊಟ್ಟ ರೊಟ್ಟಿ, ಕಾರಬ್ಯಾಳಿ ಉಣ್ಣಿ. ಮಾಂಸ ಬಿಡುವ ಮಾತು ಆ ಪಂಕ್ತಿಯಲ್ಲಿ ಬರಲಿ, ಮೇಜಿನ ಹಿಂದಿನಿಂದ ಬೇಡ. ನಿಮ್ಮ ವಸತಿ ನಿಲಯದಲ್ಲಿ ಶಿಕಾರಿಗಳ ಮಕ್ಕಳಿಗೆ ನಾಲ್ಕು ಜಾಗ ಕೊಡಿ. ಹೊಲದ ಯಜಮಾನರಿಗೂ ಒಂದು ಮಾತು: ಮೊಲ ಹಿಡಿಯಲು ಕರೆದು ಕಾನೂನಿನ ಬಾಯಿಗೆ ಅವರನ್ನು ತಳ್ಳುವ ಬದಲು ಕಳೆ ತೆಗೆಯಲು, ಶೇಂಗಾ ಕೀಳಲು ಕರೆಯಿರಿ, ಎಲ್ಲರಿಗೆ ಕೊಡುವ ಕೂಲಿಯನ್ನೇ ಕೊಡಿ, ನೀರನ್ನು ಅದೇ ತಂಬಿಗೆಯಲ್ಲಿ ಕೊಡಿ.

ಶ್ರಾವಣಕ್ಕೆ ಇನ್ನು ಹೆಚ್ಚು ದಿನವಿಲ್ಲ, ಪ್ರವಚನದ ಪಟ್ಟಿಗಳು ಈಗಾಗಲೇ ತಯಾರಾಗುತ್ತಿವೆ. ಯಾವ ಮಠ ಮೊದಲು ಮುಂದೆ ಬರುತ್ತದೋ ಅಲ್ಲಿಗೆ ಆ ಮೂರು ಕುಟುಂಬದವರನ್ನು ಕರೆತರುವ ಹೊಣೆ ನನ್ನದು.